ಪಾತ್ರೆ ತೊಳೆಯುವ ಯಂತ್ರವೂ ನಮ್ಮ ಮನೆಯವರ ತಾಟೂ

ಒಂದು ಅಡಿಗೆಮನೆ ಎಷ್ಟೇ ಅಗಲವಿರಲಿ, ಅದರಲ್ಲಿ ಸುಖವಾಗಿ ಇರಬಲ್ಲವಳು ಒಬ್ಬಳೇ ಹೆಂಗಸು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಸೊಸೆ ತಾಯಿ ಮಗಳ ಹಾಗೆ ಇದ್ದೇವೆ ಎಂದು ಮಂದಿಯ ಮುಂದೆ ಹೇಳಿಕೊಳ್ಳುತ್ತಾರೆ. ತಾಯಿ ಮಗಳು ಕೂಡ ಒಂದೇ ಒಲೆಯ ಮುಂದೆ ಇಡೀ ದಿನ ಇರಲಾರರು. ನಾನು ನನ್ನ ತಾಯಿಯ ಜೊತೆ ಇದ್ದು ನೋಡಿದ್ದೇನೆ. ನನ್ನ ಸೊಸೆ ಮಂಜುಳಾ ಕೆಟ್ಟವಳಲ್ಲ. ನಾನೂ ಕೆಟ್ಟವಳಲ್ಲ ಎಂದುಕೊಂಡಿದ್ದೇನೆ, ಅವಳನ್ನು ಕೇಳಿದರೆ ಏನು ಹೇಳುತ್ತಾಳೋ. ಅವಳು ಉಪ್ಪಿನ ಡಬ್ಬಿಯನ್ನು ಒಲೆಯ ಎಡಕ್ಕೆ ಇಡುತ್ತಾಳೆ, ನಾನು ಬಲಕ್ಕೆ ಇಡುತ್ತೇನೆ. ಅವಳು ಮದುವೆಯಾಗಿ ಬಂದಾಗಿನಿಂದ ಆ ಡಬ್ಬಿ ಅತ್ತಿಂದಿತ್ತ ಓಡಾಡುತ್ತಲೇ ಇದೆ. ನಾವು ಒಂದು ದಿನವೂ ಜಗಳ ಆಡಿಲ್ಲ. ಡಬ್ಬಿಗೆ ಬಾಯಿ ಇದ್ದಿದ್ದರೆ ಅದು ಆಡುತ್ತಿತ್ತು.

ಹಾಗಾಗಿ ಮೋಟೆಬೆನ್ನೂರು ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವಳಿಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ನಮ್ಮ ಬ್ಯಾಡಗಿಯಲ್ಲಿ ಮನುಷ್ಯರಿಗೆ ಬಿಸಿಲು, ಮೆಣಸಿನಕಾಯಿಗೆ ತಂಪು ಕೋಣೆ. ಬಣ್ಣ ಕೆಡಬಾರದು ಎಂದು ಚೀಲಗಟ್ಟಲೆ ಮೆಣಸಿನಕಾಯಿಯನ್ನು ಅಲ್ಲಿ ತಣ್ಣಗೆ ಮಲಗಿಸಿ ಇಡುತ್ತಾರೆ. ಸುಗ್ಗಿ ಬಂತೆಂದರೆ ಬಂದ ಚೀಲ, ಹೋದ ಚೀಲ ಬರೆದುಕೊಳ್ಳಲು ಜನ ಬೇಕು. ಮಂಜುಳಾ ಬಿ.ಕಾಂ. ಓದಿದ್ದಾಳೆ. ಬೆಳಿಗ್ಗೆ ತಿಂಡಿ ಮಾಡಿಟ್ಟು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಅಷ್ಟು ಹೊತ್ತು ಅಡಿಗೆಮನೆ ನನ್ನದು. ಓಣಿಯ ಹೆಂಗಸರು, “ಸೊಸಿನ್ನ ನೌಕರಿಗೆ ಕಳಿಸೀರಿ, ಎಷ್ಟ ದೊಡ್ಡ ಮನಸ್ಸರಿ ನಿಮ್ಮದು” ಎಂದರು. ಮಂದಿ ಒಳ್ಳೆಯದನ್ನು ಅಂದುಕೊಂಡರೆ ತಿದ್ದಲು ಹೋಗಬಾರದು.

ಆದರೆ ಸುಗ್ಗಿ ಎಂಬುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ. ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಫಕೀರವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋದಳು. ಅಲ್ಲಿ ಕೂಲಿ ಹೆಚ್ಚು, ಜೊತೆಗೆ ಹತ್ತು ಮಂದಿ ಹೆಂಗಸರ ಮಾತು. ನಮ್ಮ ಮನೆಯಲ್ಲಿ ನಾನೊಬ್ಬಳೇ. ನಾನಾಗಿದ್ದರೂ ಹೋಗುತ್ತಿದ್ದೆ. ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಚಿನ್ನ ಸಿಕ್ಕೀತು, ಪಾತ್ರೆ ತಿಕ್ಕುವವರು ಸಿಗುವುದಿಲ್ಲ. ನನ್ನ ಬೆರಳುಗಳು ಈಚೆಗೆ ಸಬಕಾರದ ನೀರು ಕಂಡರೆ ಬಿರಿಯುತ್ತವೆ. ನೀರಿನಲ್ಲಿ ಕೈ ಇಡಬೇಡಿ ಎಂದು ಹಾವೇರಿಯ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಗಂಡಸರಿಲ್ಲವೇ, ಅವರು ತೊಳೆಯಬಹುದಲ್ಲ ಎಂದು ನೀವು ಕೇಳಬಹುದು. ಕೇಳಿ. ನಾನೂ ಕೇಳಿದ್ದೆ.

ಕೇಳಿದ್ದರ ಫಲವಾಗಿ ನನ್ನ ಮಗ ಈರಣ್ಣ ಹಾವೇರಿಗೆ ಹೋಗಿ ಪಾತ್ರೆ ತೊಳೆಯುವ ಯಂತ್ರ ತಂದ. ತಾನು ತೊಳೆಯುವುದನ್ನು ತಪ್ಪಿಸಿಕೊಳ್ಳಲು ಗಂಡಸು ಎಷ್ಟು ಖರ್ಚಾದರೂ ಮಾಡುತ್ತಾನೆ. ನೋಡಲು ಸಣ್ಣ ತಿಜೋರಿಯ ಹಾಗಿದೆ. ನಮ್ಮ ಮನೆಯವರು ಅದರ ಸುತ್ತ ಒಮ್ಮೆ ಹೋಗಿ ಬಂದು, ಎತ್ತಿನ ಹಲ್ಲು ನೋಡುವ ಹಾಗೆ ಬಾಗಿಲು ತೆರೆದು ನೋಡಿದರು. ಸೊಸೆ ನೌಕರಿಗೆ ಹೋಗುವುದು ಅವರಿಗೆ ಮೊದಲೇ ಅಷ್ಟಕ್ಕಷ್ಟೇ. ಸರಿಹೋಗದಿದ್ದರೆ ವಾಪಸ್ಸು ತಗೊಳ್ಳುತ್ತೇವೆ ಎಂದು ಅಂಗಡಿಯವರು ಒಂದು ವಾಯಿದೆ ಕೊಟ್ಟಿದ್ದರು. ಅದು ಸರಿಯಾಗಿ ಅಮಾವಾಸ್ಯೆಗೆ ಮುಗಿಯುತ್ತಿತ್ತು. ನಮ್ಮ ಮನೆಯವರು ಪಡಸಾಲೆಯಲ್ಲಿ ಕುಳಿತು ತೀರ್ಪು ಹೇಳಿದರು: “ಅಮಾಸಿ ತನಕಾ ನೋಡೂಣು. ಪಾತ್ರಿ ಛಲೋ ತೊಳೀತಂದ್ರ ಇರಲಿ. ಇಲ್ಲಂದ್ರ ಮಷೀನ್ ಹಾವೇರಿಗೆ, ಮಂಜುಳಾ ನೌಕರಿ ಬಿಟ್ಟ ಮನಿಗೆ.”

ಮಂಜುಳಾ ನನ್ನ ಮುಖ ನೋಡಿದಳು. ನಾನು ಯಂತ್ರದ ಮುಖ ನೋಡಿದೆ. ನಾನು ಕನ್ನಡ ಎರಡನೇ ಇಯತ್ತೆಯ ತನಕ ಓದಿದವಳು. ಯಂತ್ರದ ಮೇಲೆ ಬರೆದದ್ದು ಒಂದೂ ಕನ್ನಡವಲ್ಲ. ಯಾವ ಗುಂಡಿ ಯಾವುದಕ್ಕೆ ಎಂದು ಮಂಜುಳಾ ತೋರಿಸಿಕೊಟ್ಟಳು. “ಆಟೋ” ಎಂಬ ಗುಂಡಿ ಒತ್ತಿದರೆ ಎಷ್ಟು ತೊಳೆಯಬೇಕು ಎಂಬುದನ್ನು ಅದೇ ತಿಳಿದುಕೊಂಡು ತೊಳೆಯುತ್ತದಂತೆ. ಇನ್ನೊಂದು ಗುಂಡಿ ಒತ್ತಿದರೆ ಮೂರು ತಾಸು ಗುರುಗುಡುತ್ತದೆ. ನಮ್ಮಲ್ಲಿ ಕರೆಂಟು ಒಮ್ಮೆಗೇ ಮೂರು ತಾಸು ಇರುವುದು ಚುನಾವಣೆಯ ಮುಂದೆ ಮಾತ್ರ. ಆದ್ದರಿಂದ ಆಟೋವೇ ಗತಿ.

ಮೊದಲ ವಾರ ಅದಕ್ಕೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ತಿಳಿಯುವುದರಲ್ಲೇ ಹೋಯಿತು. ಅಲ್ಯೂಮಿನಿಯಂ ಬೋಗುಣಿ ಇಟ್ಟರೆ ಕಪ್ಪಗಾಗಿ ಹೊರಗೆ ಬಂತು, ಬಿಸಿಲಿಗೆ ಹೋಗಿ ಬಂದ ಮುಖದ ಹಾಗೆ. ರೊಟ್ಟಿಯ ಕಬ್ಬಿಣದ ಹಂಚು ಇಟ್ಟರೆ ತುಕ್ಕು. ಹಿಟ್ಟು ನಾದುವ ಪರಾತ ಇಟ್ಟರೆ, ಒಳಗೆ ನೀರು ಚಿಮ್ಮಿಸುತ್ತ ತಿರುಗುವ ರೆಕ್ಕೆ ಅದಕ್ಕೆ ಬಡಿದು ಟಕ್ ಟಕ್ ಎಂದಿತು. ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾರೆ ಎಂದು ನಮ್ಮ ಮನೆಯವರು ಹೋಗಿ ಹಿತ್ತಲ ಬಾಗಿಲು ತೆಗೆದು ನೋಡಿದರು. ಕೊನೆಗೆ ಅಡಿಗೆ ಮಾಡಿದ ಪಾತ್ರೆಗಳನ್ನೆಲ್ಲ ಮಂಜುಳಾ ಬೆಳಿಗ್ಗೆ ಸಂಜೆ ಕೈಯಲ್ಲೇ ತಿಕ್ಕುವುದು, ಉಂಡ ತಾಟು, ವಾಟಿ, ಲೋಟಗಳು ಮಾತ್ರ ಯಂತ್ರಕ್ಕೆ ಎಂದಾಯಿತು.

ಇಲ್ಲಿ ನಮ್ಮ ಮನೆಯ ಊಟದ ಪದ್ಧತಿ ಹೇಳಬೇಕು. ನಮ್ಮ ಮನೆಯವರು ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದುಬಿಡುತ್ತಾರೆ. ಅನ್ನವೆಂದರೆ ಪ್ರಸಾದ, ಒಂದು ಅಗುಳೂ ಚೆಲ್ಲಬಾರದು. ಅವರ ತಂದೆ ಹಾಗೇ ಮಾಡುತ್ತಿದ್ದರು, ಅಜ್ಜನೂ ಮಾಡುತ್ತಿದ್ದನಂತೆ. ಅವರ ಎದುರಿಗೆ ಕುಳಿತು ಉಂಡವರೆಲ್ಲ ಹಾಗೇ ಮಾಡಬೇಕು. ಈರಣ್ಣ ಮಾಡುತ್ತಾನೆ, ಮಂಜುಳಾ ಮಾಡುತ್ತಾಳೆ, ನಾನು ಮದುವೆಯಾಗಿ ಬಂದ ದಿನದಿಂದ ಮಾಡುತ್ತಿದ್ದೇನೆ. ಉಂಡು ಎದ್ದ ಮೇಲೆ ನಮ್ಮ ತಾಟುಗಳನ್ನು ನೋಡಿದರೆ ಊಟ ಇನ್ನೂ ಆಗಬೇಕೋ ಆಗಿದೆಯೋ ತಿಳಿಯುವುದಿಲ್ಲ. ಒಮ್ಮೆ ಬಂದ ಬೀಗರೊಬ್ಬರು ಉಂಡಿಟ್ಟ ತಾಟಿನಲ್ಲೇ ಬಡಿಸಿಕೊಂಡು ಕುಳಿತಿದ್ದರು. ನಾನು ಸುಮ್ಮನಿದ್ದೆ, ಹೇಳಿದರೆ ಅವರಿಗೆ ಬೇಸರ.

ಸಾಲದ್ದಕ್ಕೆ ನನ್ನದೊಂದು. ಮುಸುರೆಯನ್ನು ಬಾಗಿಲು ಹಾಕಿ ಮುಚ್ಚಿಡುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಉಂಡ ತಾಟುಗಳು ಯಂತ್ರ ತುಂಬುವ ತನಕ ಕತ್ತಲಲ್ಲಿ ಕಾಯುತ್ತ ಕೂರಬೇಕಂತೆ. ನನ್ನ ತವರು ಐರಣಿ, ಹೊಳೆಯ ದಂಡೆ. ಚಿಕ್ಕವರಿದ್ದಾಗ ಉಂಡ ಕೈಯಲ್ಲೇ ಪಾತ್ರೆ ಹೊತ್ತು ತುಂಗಭದ್ರೆಗೆ ಹೋಗಿ ಮರಳು ಹಚ್ಚಿ ತಿಕ್ಕಿ ತರುತ್ತಿದ್ದೆವು. ಆಮೇಲೆ ಎಂಬ ಮಾತೇ ಇರಲಿಲ್ಲ. ಅದಕ್ಕೇ ತಾಟುಗಳನ್ನು ನಳದ ಕೆಳಗೆ ಇನ್ನೊಮ್ಮೆ ಹಿಡಿದು ಯಂತ್ರದಲ್ಲಿ ಇಡುತ್ತಿದ್ದೆ. ಮೊದಲ ದಿನ ಮಂಜುಳಾ ನೋಡಿ ಕೇಳಿದಳು, “ಅತ್ತಿ, ತೊಳದ ಇಡೂದಾದ್ರ ಮಷೀನ್ ಯಾಕ್ರಿ?”

“ಮನಿಗೆ ಈಗ ಬಂದೈತಿ. ಬಂದ ಬಂದಂಗ ಅದರ ಬಾಯಾಗ ಎಂಜಲಾ ಇಡೂದನು?” ಎಂದೆ.

ಅವಳು ಸುಮ್ಮನಾದಳು. ಸೊಸೆ ಸುಮ್ಮನಾದರೆ ಒಪ್ಪಿದಳು ಎಂದಲ್ಲ, ಕೆಲಸಕ್ಕೆ ಹೊತ್ತಾಯಿತು ಎಂದು ಅರ್ಥ.

ತಕರಾರು ಶುರುವಾದದ್ದು ಒಂದು ಮಧ್ಯಾಹ್ನದ ಊಟದಲ್ಲಿ. ನಮ್ಮ ಮನೆಯವರು ಉಂಡು, ತಾಟಿಗೆ ನೀರು ಹಾಕಿ, ತೊಳೆದು, ಎತ್ತಿ ಕುಡಿದರು. ಕುಡಿದವರು ಹಾಗೇ ಕುಳಿತರು. ಮುಖ ಬೇವಿನ ಕಷಾಯ ಕುಡಿದ ಹಾಗಾಯಿತು.

“ಇವತ್ತ ನೀರಾಗ ಏನ ಹಾಕೀದಿ?”

“ಏನೂ ಹಾಕಿಲ್ಲ.”

“ಸಬಕಾರ ಕುಡದಂಗಾತು.”

ನಾನು ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಹೊರಗೆ ವಿಭೂತಿ ಬಳಿದ ಹಾಗೆ ಬೆಳ್ಳಗೆ. ತಾಟುಗಳೂ ಹಾಗೇ. ಉಳಿದ ಮನೆಗಳಲ್ಲಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಾರು ಅನ್ನದಲ್ಲಿ ಸೇರಿ ಹೋಗುತ್ತಿತ್ತು. ನಮ್ಮಲ್ಲಿ ತಾಟು ತೊಳೆದು ಕುಡಿಯುವವರಿದ್ದಾರೆ. ಯಂತ್ರದ ತಪ್ಪು ನೇರವಾಗಿ ಹೊಟ್ಟೆಗೇ ಹೋಗಿ ಅಲ್ಲಿಂದ ಬಾಯಿಗೆ ಬಂತು. “ಅಮಾಸಿ ಬ್ಯಾಡ, ನಾಳೆನ ಕಳಸ್ರಿ ಇದನ್ನ” ಎಂದರು. ನಾನು, “ಮಾತ ಕೊಟ್ಟೀರಿ. ಅಮಾಸಿ ಅಂದ್ರ ಅಮಾಸಿ” ಎಂದೆ. ಮಾತು ಕೊಟ್ಟರೆ ಅವರು ತಪ್ಪುವುದಿಲ್ಲ. ಅದು ಅವರಲ್ಲಿರುವ ಒಳ್ಳೆಯ ಗುಣ, ನನಗೆ ಬೇಕಾದಾಗ ಉಪಯೋಗಕ್ಕೆ ಬರುತ್ತದೆ.

ಅಂದಿನಿಂದ ನಾನು ಆ ಯಂತ್ರದ ವೈದ್ಯೆಯಾದೆ. ಅಂಗಡಿಯವರಿಗೆ ಫೋನು ಮಾಡಿದರೆ, ಒಂದು ಹೆಣ್ಣುಮಗಳು ಬಹಳ ನಯವಾಗಿ ಮಾತಾಡಿ, ಮೆಕ್ಯಾನಿಕ್ ಬರುತ್ತಾನೆ ಎಂದಳು. ಯಾವತ್ತು ಎಂದು ಹೇಳಲಿಲ್ಲ. ಈರಣ್ಣ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಗಾಲಿ ಇದ್ದದ್ದೆಲ್ಲ ತನಗೆ ಗೊತ್ತು ಎಂದು ತಿಳಿದಿದ್ದಾನೆ. ಈ ಯಂತ್ರದ ಒಳಗಿನ ಜಾಳಿಗೆಯ ತಟ್ಟೆಗೂ ಸಣ್ಣ ಗಾಲಿಗಳಿವೆ. ಅಷ್ಟು ಸಾಕಾಯಿತು. “ಯವ್ವಾ, ಇದು ನೀರಿನ ತಕರಾರು. ಬೋರಿನ ನೀರ ಗಡಸು” ಎಂದ. ಅದು ಸುಳ್ಳಲ್ಲ. ನಮ್ಮ ಬೋರಿನ ನೀರು ಕಾಸಿದರೆ ತಪೇಲಿಯ ತಳದಲ್ಲಿ ಸುಣ್ಣ ಕೂಡುತ್ತದೆ. ಅದಕ್ಕೇ ಯಂತ್ರದ ತಳದಲ್ಲಿ ಉಪ್ಪು ಹಾಕುವ ಒಂದು ಗೂಡಿದೆ, ಉಪ್ಪು ನೀರಿನ ಗಡಸುತನ ತೆಗೆಯುತ್ತದಂತೆ. ತೆರೆದು ನೋಡಿದರೆ ಗೂಡು ಖಾಲಿ. ಮನೆಯಲ್ಲಿ ಉಪ್ಪಿಗೆ ಏನು ಬರ? ಉಪ್ಪಿನಕಾಯಿಗೆ ತಂದ ಹರಳುಪ್ಪು ಇತ್ತು, ಎರಡು ಬೊಗಸೆ ಹಾಕಿದೆ. ಸಂಜೆ ಮಂಜುಳಾ ಬಂದು ನೋಡಿ, “ಅಯ್ಯ ಅತ್ತಿ, ಅದಕ್ಕ ಬ್ಯಾರೆ ಉಪ್ಪ ಬರತೈತ್ರಿ, ಇದರಾಗ ಮಣ್ಣ ಇರತೈತಿ” ಎಂದಳು. ಇಬ್ಬರೂ ಕುಳಿತು ಚಮಚದಿಂದ ಅಗೆದು ತೆಗೆದೆವು. ಬೇರೆ ಉಪ್ಪು ಬಂತು. ಮೊದಲಿದ್ದ ಬಿಳುಪು ನಿಂಬೆಹಣ್ಣು ಉಜ್ಜಿದರೆ ಹೋಗುತ್ತಿತ್ತು. ಅದು ನೀರಿನ ಸುಣ್ಣ. ಹೊಸ ಉಪ್ಪು ಹಾಕಿದ ಮೇಲೆ ಆ ಬಿಳುಪು ಹೋಯಿತು. ಅದರ ಕೆಳಗೆ ಇನ್ನೊಂದು ಬಿಳುಪು ಇತ್ತು. ಅದು ಬೆರಳಿಗೆ ಜಾರುತ್ತಿತ್ತು. ಅದು ಸಬಕಾರ.

ನಮ್ಮ ಮನೆಯವರು ಕುಡಿದು ನೋಡಿ, “ಉಪ್ಪ ಹಾಕಿದ ಮ್ಯಾಲ ಸಬಕಾರದ ರುಚಿ ಇನ್ನಷ್ಟ ಚಂದ ಗೊತ್ತಾಗತೈತಿ” ಎಂದರು.

ಆಮೇಲೆ ನಾನು ತಳದ ಸೋಸುವ ಜಾಲರಿ ಬಿಚ್ಚಿದೆ. ಅದರ ಮೇಲೆ ಅಂಟಿನ ಪದರ ಕೂತಿತ್ತು, ಬಸವನಹುಳು ಹರಿದ ಹಾಗೆ. ಮೂಸಿ ನೋಡಿದರೆ ಅಗಸೆ ಚಟ್ನಿ. ಚಟ್ನಿಯ ವಾಟಿಗಳನ್ನು ಯಾರೂ ತೊಳೆದು ಕುಡಿಯುವುದಿಲ್ಲ, ನಾನೇ ನಳಕ್ಕೆ ಹಿಡಿದು ಇಡುತ್ತಿದ್ದೆ. ಅಗಸೆಗೆ ನೀರು ತಾಕಿದರೆ ಗೋಂದು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ತಿರುಗುವ ರೆಕ್ಕೆಯ ತೂತುಗಳಲ್ಲೂ ಮೆಣಸಿನ ಬೀಜ ಸಿಕ್ಕಿದ್ದವು. ನನ್ನ ಬಳೆಯಲ್ಲಿ ಯಾವಾಗಲೂ ಒಂದು ಪಿನ್ನು ಇರುತ್ತದೆ, ಅದರಿಂದ ಒಂದೊಂದನ್ನೇ ತೆಗೆದೆ. ಬಾಗಿಲ ರಬ್ಬರಿನ ಸಂದಿಯಲ್ಲಿ ಒಂದು ಮೆಣಸಿನಕಾಯಿ ತೊಟ್ಟು ಕೂತು ಕೆಳಗೆ ನೀರು ಸೋರುತ್ತಿತ್ತು, ಅದನ್ನೂ ತೆಗೆದೆ. ಯಂತ್ರ ಸೋರುವುದನ್ನು ಬಿಟ್ಟಿತು, ನಾರುವುದನ್ನು ಬಿಟ್ಟಿತು, ನೀರು ಹೊರಗೆ ಹೋಗದೆ ನಿಲ್ಲುವುದನ್ನು ಬಿಟ್ಟಿತು. ಸಬಕಾರ ಬಳಿಯುವುದನ್ನು ಮಾತ್ರ ಬಿಡಲಿಲ್ಲ. ಸಬಕಾರದ ಪುಡಿಯನ್ನೇ ಕಡಿಮೆ ಮಾಡಿದೆ. ಲೋಟಗಳ ಅಂಚಿಗೆ ಚಹಾದ ಕಂದು ಗೆರೆ ಹಾಗೇ ಉಳಿದು, ಅದರ ಮೇಲೆ ತೆಳ್ಳಗೆ ಬಿಳುಪೂ ಬಂತು. ಮೊದಲು ಒಂದು ರೋಗವಿತ್ತು, ಈಗ ಎರಡು.

ಒಂದು ಸಂಜೆ ಫಕೀರವ್ವ ತೊಟ್ಟು ಮುರಿಯುವ ಕೆಲಸ ಮುಗಿಸಿ ಸೀನುತ್ತ ಬಂದಳು. ಖಾರದ ಉರಿಗೆ ಕೈಗೆಲ್ಲ ಕೊಬ್ಬರಿ ಎಣ್ಣೆ. ನಾನು ನೆಲದ ಮೇಲೆ ಕುಳಿತು ಯಂತ್ರದ ಬಾಯಲ್ಲಿ ತಲೆ ಇಟ್ಟಿದ್ದೆ.

“ಅಕ್ಕಾರ, ಒಳಗ ಹೋಗಿ ನೀವ ತೊಳ್ಯಾಕತ್ತೀರೇನು?”

“ನಗಬ್ಯಾಡ. ಸಬಕಾರ ಬಿಡವಲ್ದು ಇದು.”

“ಇದೂ ಬ್ಯಾಡಗಿದ ಆಗೇತ್ರಿ ಈಗ. ಸುಗ್ಗ್ಯಾಗ ಪಾತ್ರಿ ತಿಕ್ಕಂದ್ರ ಯಾರ ತಿಕ್ಕತಾರ? ಅದನ್ನೂ ತೊಟ್ಟ ಮುರ್ಯಾಕ ಕಳಸ್ರಿ ನನ್ನ ಜೋಡಿ.”

“ಕೂಲಿ ಯಾರ ತಗೋತಾರ?”

“ನಾನ ತಗೋತೇನಿ. ಅದರ ಕೈಯಾಗ ಕೊಟ್ಟರ ಏನ ಮಾಡತೈತಿ, ತೊಳದ ಬಿಡತೈತಿ” ಎಂದು ನಗುತ್ತ ಹೋದಳು.

ಅಮಾವಾಸ್ಯೆಗೆ ಕೆಲವೇ ದಿನ ಉಳಿದಾಗ ಕರ್ಜಗಿಯಿಂದ ನನ್ನ ತಂಗಿ ನೀಲವ್ವ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಳು. ವರ್ಷದ ಖಾರಪುಡಿಗೆ ಮೆಣಸಿನಕಾಯಿ ಕೊಳ್ಳಬೇಕಾಗಿತ್ತು. ಆ ಮಕ್ಕಳು ಊಟ ಮಾಡುವುದಿಲ್ಲ, ಊಟದ ಜೊತೆ ಆಟ ಆಡುತ್ತವೆ. ಒಂದು ತಾಟಿನಲ್ಲಿ ಸಾರು, ಒಂದರಲ್ಲಿ ಅರ್ಧ ರೊಟ್ಟಿ, ಒಂದರಲ್ಲಿ ಮೊಸರಿನ ಮೇಲೆ ಜುಣಕ, ಜುಣಕದ ಮೇಲೆ ಶೇಂಗಾ ಚಟ್ನಿ. ನಮ್ಮ ಮನೆಯವರಿಗೆ ನೋಡಲು ಆಗಲಿಲ್ಲ. ಬಂದವರ ಮಕ್ಕಳಿಗೆ ಬೈಯುವಂತಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟರು. ನೀಲವ್ವ, “ಅಕ್ಕಾ ಲಗೂ ನಡಿ, ಬಿಸಲ ಏರಿದ ಮ್ಯಾಲ ರೇಟೂ ಏರತೈತಿ” ಎಂದು ಬಾಗಿಲಲ್ಲೇ ನಿಂತಳು. ಉಳಿದ ರೊಟ್ಟಿಯನ್ನು ಪಕ್ಕದ ಮನೆಯ ಎಮ್ಮೆಗೆಂದು ಇಟ್ಟ ಬಕೆಟ್ಟಿಗೆ ಹಾಕಿ, ಮುಸುರೆ ತಾಟುಗಳನ್ನು ನಳಕ್ಕೂ ಹಿಡಿಯದೆ ಯಂತ್ರದೊಳಗೆ ತುರುಕಿ, ಗುಂಡಿ ಒತ್ತಿ ಹೋದೆ. ದಾರಿಯುದ್ದಕ್ಕೂ ಮನಸ್ಸು ಕಸಿವಿಸಿ.

ಬಂದು ಬಾಗಿಲು ತೆಗೆದರೆ ತಾಟುಗಳು ಥಳಥಳ. ನನ್ನ ಮುಖ ಅದರಲ್ಲಿ ಕಂಡಿತು. ನೋಡಿ ಸಂತೋಷಪಡುವಂಥ ಮುಖವಲ್ಲ, ಆದರೂ ಸ್ಪಷ್ಟವಾಗಿ ಕಂಡಿತು. ಒಂದು ತಾಟಿಗೆ ನೀರು ಹಾಕಿ ಕುಡಿದು ನೋಡಿದೆ. ಬರೀ ನೀರು.

ಇದೇನು ಕಥೆ ಎಂದುಕೊಂಡು ಮರುದಿನ ಎಂದಿನಂತೆ ತೊಳೆದ ತಾಟು ಇಟ್ಟೆ. ಮತ್ತೆ ವಿಭೂತಿ. ನಳಕ್ಕೆ ಹಿಡಿಯುವುದನ್ನು ಬಿಟ್ಟು, ಉಂಡು ತೊಳೆದು ಕುಡಿದ ತಾಟುಗಳನ್ನು ಹಾಗೇ ಇಟ್ಟೆ. ಆಗಲೂ ವಿಭೂತಿ, ನಳ ಮಾಡುವುದನ್ನೆಲ್ಲ ನಮ್ಮ ಬಾಯಿಯೇ ಮಾಡಿ ಮುಗಿಸಿತ್ತು. ಅದರ ಮರುದಿನ ನಮ್ಮ ಮನೆಯವರು ರಾಣೇಬೆನ್ನೂರಿಗೆ ನಿಶ್ಚಿತಾರ್ಥಕ್ಕೆ ಹೋದರು. ಅಂದು ರವಿವಾರ. ನಾನು ಮಗ ಸೊಸೆಗೆ, “ಇವತ್ತ ಯಾರೂ ತಾಟ ತೊಳದ ಕುಡಿಯೂ ಹಂಗಿಲ್ಲ, ಹಂಗ ಏಳ್ರಿ” ಎಂದೆ. ಈರಣ್ಣ ಗಾಬರಿಯಾಗಿ ಬಾಗಿಲ ಕಡೆ ನೋಡಿದ. ತಂದೆ ರಾಣೇಬೆನ್ನೂರಿನಲ್ಲಿದ್ದರೂ ನೋಡಿದ. ಆ ಮಧ್ಯಾಹ್ನ ತಾಟುಗಳು ಥಳಥಳ. ರಾತ್ರಿ ಅವರು ಬಂದು ಎಲ್ಲರೂ ಒಟ್ಟಿಗೆ ಉಂಡೆವು, ಮತ್ತೆ ವಿಭೂತಿ. ನಮ್ಮ ಮನೆಯವರು ಊರಲ್ಲಿಲ್ಲದ ದಿನ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದಾಯಿತು. ಈ ಗುಣ ಮನೆಯ ಉಳಿದವರಿಗೂ ಇದೆ.

ಈರಣ್ಣ ಫೋನಿನಲ್ಲಿ ಏನೋ ಓದಿ ಓಡಿಬಂದ. “ಯವ್ವಾ, ಇದಕ್ಕ ಕಣ್ಣ ಐತಂತ! ಮೊದಲ ನೀರ ಹೊಡದು, ಆ ನೀರ ಎಷ್ಟ ಹೊಲಸಾಗೇತಿ ನೋಡತೈತಂತ. ಹೊಲಸಿಲ್ಲಂದ್ರ ಕೆಲಸ ಇಲ್ಲ ಅಂತ ತಿಳಕೊಂಡು ಲಗೂನ ಮುಗಸತೈತಂತ. ಹಾಕಿದ ಸಬಕಾರ ಪೂರಾ ತೊಳೀದನ ಬಿಡತೈತಿ.”

ಅಂದರೆ ತಪ್ಪು ನೀರಿನದಲ್ಲ, ಯಂತ್ರದ್ದಲ್ಲ. ಈ ಯಂತ್ರವನ್ನು ಮಾಡಿದ ಮಂದಿ, ತಾಟಿನಲ್ಲಿ ಬಿಟ್ಟು ಏಳುವವರನ್ನಷ್ಟೇ ನೋಡಿದ್ದಾರೆ. ತಾಟು ತೊಳೆದು ಕುಡಿಯುವ ಮನುಷ್ಯ ಅವರ ಎಣಿಕೆಯಲ್ಲೇ ಇರಲಿಲ್ಲ. ನಮ್ಮ ಮನೆಯವರು ಸಬಕಾರ ಕುಡಿಯುತ್ತಿದ್ದದ್ದು ತಮ್ಮ ಶುಚಿಯಿಂದಲೇ. ಇದನ್ನು ಅವರಿಗೆ ಹೇಳುವವರು ಯಾರು?

“ನೀನ ಹೇಳ ಯವ್ವಾ” ಎಂದ ಈರಣ್ಣ.

“ನಿಮ್ಮಪ್ಪ ಏನಂತಾರ ಗೊತ್ತೈತಲ್ಲ? ಅನ್ನಾ ಚೆಲ್ಲೂ ಮಂದಿ ಮಷೀನ್ ನಮ್ಮ ಮನ್ಯಾಗ ಬ್ಯಾಡ ಅಂತಾರ. ಅಮಾಸಿ ತನಕಾನೂ ಇಡೂದಿಲ್ಲ.”

ಮಂಜುಳಾ ಲೋಟ ಒರೆಸುತ್ತ ನಿಂತಿದ್ದಳು. ಬಹಳ ಸಣ್ಣ ದನಿಯಲ್ಲಿ, “ಸುಗ್ಗಿ ಮುಗದ ಮ್ಯಾಲೂ ಇರು ಅಂದಾರ್ರಿ ಅತ್ತಿ, ಧಣ್ಯಾರು. ಇನ್ನೂ ಹೂಂ ಅಂದಿಲ್ಲ ನಾನು” ಎಂದಳು. ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು.

ನಾನು ಲೆಕ್ಕ ಹಾಕಿದೆ. ಸುಗ್ಗಿ ಮುಗಿದ ಮೇಲೂ ಎಂದರೆ ವರ್ಷವಿಡೀ. ವರ್ಷವಿಡೀ ಅಡಿಗೆಮನೆ ನನ್ನದು. ಅವಳ ಕಣ್ಣಲ್ಲಿ ನೀರಿತ್ತೋ ಏನೋ, ಈರುಳ್ಳಿಯ ಬುಟ್ಟಿಯೂ ಹತ್ತಿರವಿತ್ತು. “ಹೂಂ ಅಂದಬಿಡು” ಎಂದೆ.

ಅಮಾವಾಸ್ಯೆ ಬಂತು. ಈರಣ್ಣ ಅಂಗಡಿಗೆ ಪೂಜೆ ಮಾಡಿ ಬಂದ. ಮಂಜುಳಾ ರಜೆ ಹಾಕಿ ಕಡಬು ಮಾಡಿದಳು. ಊಟವಾದ ಮೇಲೆ ಈ ತಾಟುಗಳನ್ನೇ ಯಂತ್ರಕ್ಕೆ ಹಾಕಿ, ಬಂದದ್ದರಲ್ಲಿ ನೀರು ಕುಡಿದು ತೀರ್ಪು ಹೇಳುತ್ತೇನೆ ಎಂದರು ನಮ್ಮ ಮನೆಯವರು. ಹಾವೇರಿಗೆ ಹೋಗುವ ಗಾಡಿಯವನಿಗೂ ಮೊದಲೇ ಹೇಳಿಟ್ಟಿದ್ದರು. ಎಲ್ಲರೂ ಉಂಡು, ತೊಳೆದು, ಕುಡಿದೆವು. ಅವರು ಅಂದು ಎಂದಿಗಿಂತ ಚೆನ್ನಾಗಿ ತೊಳೆದರು. ತಾಟುಗಳು ಅಂಗಡಿಯಿಂದ ಈಗ ತಂದ ಹಾಗಿದ್ದವು.

ಅವರು ಪಡಸಾಲೆಗೆ ಹೋದ ಮೇಲೆ ತಾಟುಗಳನ್ನು ಯಂತ್ರದಲ್ಲಿ ಜೋಡಿಸಿದೆ. ಮೂಲೆಯಲ್ಲಿ ಪಕ್ಕದ ಮನೆಯ ಎಮ್ಮೆಯ ಬಕೆಟ್ಟು ಇತ್ತು. ಅಕ್ಕಿ ತೊಳೆದ ನೀರು, ಬೇಳೆ ಕಟ್ಟಿನ ಚರಟ, ಮಜ್ಜಿಗೆಯ ಗಡಿಗೆ ತೊಳೆದದ್ದು, ಎಲ್ಲ ಸೇರಿದ ಕಲಗಚ್ಚು. ಒಂದು ಚರಿಗೆಯಷ್ಟನ್ನು ಅರಿವೆಯಲ್ಲಿ ಸೋಸಿಕೊಂಡು, ಆ ಹೊಳೆಯುವ ತಾಟುಗಳ ಮೇಲೆ ಸುರಿಯತೊಡಗಿದೆ. ಜನ್ಮವೆಲ್ಲ ಪಾತ್ರೆ ತೊಳೆದದ್ದು ಇದೇ ಕೈ. ಹಿಂದಿನಿಂದ ದನಿ ಬಂತು.

“ಏನ ಮಾಡಾಕತ್ತೀ?”

ಮಂಜುಳಾ ಒಲೆಯ ಹತ್ತಿರ ಕಲ್ಲಾದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

“ಕಾಣವಲ್ದೇನ್ರಿ? ಕಲಗಚ್ಚ ಹಾಕಾಕತ್ತೇನಿ.”

“ತೊಳದ ತಾಟಿನ ಮ್ಯಾಲ?”

“ಹೂಂ, ತೊಳದ ತಾಟಿನ ಮ್ಯಾಲ. ಎಲ್ಲಾ ನೀವ ತೊಳದು ಕುಡದ ಬಿಟ್ಟರ ಇದಕ್ಕೇನ ಉಳೀತು? ಹೊಟ್ಟಿಗಿಲ್ಲದ ದುಡೀ ಅಂದ್ರ ಹೆಂಗ ದುಡದೀತು? ಅದಕ್ಕ ಹಾಕಿದ ಸಬಕಾರ ತಿರಗಿ ನಿಮಗ ಉಣಸತೈತಿ. ಈಗ ಬೇಕಾದ್ರ ಕಳಸ್ರಿ ಹಾವೇರಿಗೆ.”

ಯಂತ್ರದ ಒಳಗೆ ನೋಡಿದರು, ಬಕೆಟ್ಟು ನೋಡಿದರು, ಸೊಸೆಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. “ಎಮ್ಮಿಗೆ ಕಡಿಮಿ ಬೀಳೂದಿಲ್ಲನು?” ಎಂದರು.

“ಒಂದ ಚರಗಿಗೆ ಎಮ್ಮಿ ಸಾಯೂದಿಲ್ಲ.”

“ತಾಟಿನ್ಯಾಗ ಬಿಟ್ಟ ಎದ್ದರ ಪಾಪ” ಎಂದರು, ತಮಗೆ ತಾವೇ ಪಂಚಾಯಿತಿ ಮಾಡಿಕೊಳ್ಳುವ ಹಾಗೆ. “ಹಸದವರಿಗೆ ಹಾಕಿದರ ಪಾಪಲ್ಲ. ಅದು ದಾಸೋಹ.” ನನ್ನ ಕೈಯಿಂದ ಚರಿಗೆ ತೆಗೆದುಕೊಂಡರು. “ಸರಿ ಅತ್ತಾಗ. ನೀಡಾಕೂ ಬರೂದಿಲ್ಲ ನಿನಗ. ಮಂದಿ ಮನಿಗೆ ಬಂದಾಗ ಹಿಂಗ ಹನಿ ಹನಿ ನೀಡತಾರನು?” ಎಂದು ಕುಳಿತುಕೊಂಡು ಧಾರಾಳವಾಗಿ ನೀಡಿದರು. ಸಾಕು ಸಾಕು ಎಂದು ನಾನೇ ಕೈ ಹಿಡಿಯಬೇಕಾಯಿತು.

ಯಂತ್ರ ಆ ದಿನ ಹೊಟ್ಟೆ ತುಂಬ ಗುರುಗುಟ್ಟಿತು. ನಮ್ಮ ಮನೆಯವರು ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಿಂತ ಮೇಲೆ ತಾವೇ ಬಾಗಿಲು ತೆಗೆದು, ತಮ್ಮ ತಾಟು ತೆಗೆದು, ನೀರು ಹಾಕಿ, ಸುತ್ತ ತೊಳೆದು ಕುಡಿದರು. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. “ಇರಲಿ” ಎಂದರು. ಯಂತ್ರಕ್ಕೆ ಹೇಳಿದರೋ ಸೊಸೆಗೆ ಹೇಳಿದರೋ ಯಾರೂ ಕೇಳಲಿಲ್ಲ. ಮಂಜುಳಾ ಒಳಗೆ ಹೋಗಿ ಧಣಿಯವರಿಗೆ ಫೋನು ಮಾಡಿದಳು. ಈರಣ್ಣ ಗಾಡಿಯವನಿಗೆ ಬೇಡವೆಂದು ಹೇಳಲು ಓಡಿದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದೆ ಎಂದು ಬರೆಯಬಹುದಿತ್ತು. ಅಂದಿನಿಂದ ಯಂತ್ರಕ್ಕೆ ಉಣಿಸುವ ಕೆಲಸ ನಮ್ಮ ಮನೆಯವರದು. ಬೇರೆಯವರು ನೀಡಿದರೆ ಅವರಿಗೆ ಸಮಾಧಾನವಿಲ್ಲ. ಉಂಡ ಕೂಡಲೇ ಬರುತ್ತಾರೆ, ಸೋಸುತ್ತಾರೆ, ನೀಡುತ್ತಾರೆ, ಗುಂಡಿ ಒತ್ತುತ್ತಾರೆ. ಅದು ಮುಗಿಯುವ ತನಕ ಆ ಕುರ್ಚಿಯಲ್ಲಿ ಕೂರುತ್ತಾರೆ. ಕುಳಿತ ಮನುಷ್ಯ ಸುಮ್ಮನೆ ಕೂರಲಾರ. ಒಗ್ಗರಣೆಗೆ ಎಣ್ಣೆ ಇಷ್ಟು ಯಾಕೆ ಎನ್ನುತ್ತಾರೆ. ಬೇಳೆಯನ್ನು ಅವರ ತಾಯಿ ಬೇರೆ ರೀತಿ ತೊಳೆಯುತ್ತಿದ್ದರಂತೆ. ನಳ ಗಟ್ಟಿಯಾಗಿ ತಿರುವಿಲ್ಲವಂತೆ. ಸಂಜೆಯ ತಾಟುಗಳಿಗೆ ಬೇಕಾಗುತ್ತದೆ ಎಂದು ಮಧ್ಯಾಹ್ನವೇ ಬಂದು ಎಮ್ಮೆಯ ಬಕೆಟ್ಟನ್ನು ಕಲಕಿ ನೋಡುತ್ತಾರೆ. ಸೊಸೆ ಇದ್ದಾಗ ಮಾತಿಲ್ಲದೆ ಮುಗಿಯುತ್ತಿದ್ದ ದಿನ ಈಗ ಮಾತಿನಲ್ಲೇ ಶುರುವಾಗಿ ಮಾತಿನಲ್ಲೇ ಮುಗಿಯುತ್ತದೆ. ಮಂಜುಳಾಳಿಗೆ ಕೆಲಸ ಕಾಯಂ ಆಯಿತು, ಮುಖ ತುಂಬಿಕೊಂಡಿದೆ. ತಂಪು ಕೋಣೆಯಲ್ಲಿ ಕುಳಿತು ಬರುವ ಅವಳನ್ನು ನೋಡಿದರೆ ನನಗೆ ಸೆಖೆಯಾಗುತ್ತದೆ.

ನಿನ್ನೆ ಸಂಜೆ ಅವಳು ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಹಿಡಿದುಕೊಂಡೆ.

“ಮಂಜುಳಾ, ನಿಮ್ಮ ಕೋಲ್ಡ್ ಸ್ಟೋರೇಜಿನ್ಯಾಗ ಇನ್ನೊಬ್ಬರಿಗೆ ಏನರ ಕೆಲಸ ಐತೇನು? ಚೀಲ ಎಣಿಸೂದು, ಕಸಾ ಹೊಡಿಯೂದು, ಏನಾದರೂ ನಡೀತೈತಿ.”

ಅವಳು ಒಳಗೆ ಇಣುಕಿದಳು. ಅಡಿಗೆಮನೆಯಿಂದ ನಮ್ಮ ಮನೆಯವರು ಯಂತ್ರಕ್ಕೆ ಏನೋ ಬುದ್ಧಿ ಹೇಳುತ್ತಿರುವುದು ಕೇಳುತ್ತಿತ್ತು. ಸೆರಗು ಬಾಯಿಗೆ ಒತ್ತಿ ನಗು ತಡೆದುಕೊಂಡಳು.

“ಮಾವಾರಿಗೇನ್ರಿ ಅತ್ತಿ? ಈ ವಯಸ್ಸಿನ್ಯಾಗ ಅವರನ್ನ ಹೆಂಗ ತಗೊಂಡಾರ?”

“ಅವರಿಗಲ್ಲ,” ಎಂದೆ. “ನನಗ.”